ಶಾಸ್ತ್ರದಾನವೂ ಕಾವ್ಯದ ಉಳಿವೂ

ರನ್ನಕವಿಯು ಕ್ರಿ. ಶ. 993ರಲ್ಲಿ ರಚಿಸಿದ ‘ಅಜಿತಪುರಾಣ’ವು ಹನ್ನೆರಡು ಆಶ್ವಾಸಗಳ ಚಂಪೂಕಾವ್ಯ. ಎರಡನೆಯ ತೀರ್ಥಂಕರನ ಚರಿತೆ ಅದರ ವಸ್ತುವಾದರೂ, ಕೃತಿಯನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ವಂಶ, ವ್ರತ, ದಾನಗಳ ವರ್ಣನೆಗೂ ಅದರಲ್ಲಿ ವಿಪುಲವಾದ ಎಡೆಯುಂಟು. ಈ ಭಾಗವನ್ನು ಪೋಷಕಸ್ತುತಿಯೆಂದು ಬಗೆದು, ಚರಿತ್ರೆಗೆ ಉಪಯುಕ್ತ, ಕಾವ್ಯಕ್ಕೆ ಬಹಿರಂಗ ಎಂದು ಬದಿಗಿಡುವುದುಂಟು. ಈ ವಿಭಾಗವು ಯುಕ್ತವೇ ಎಂಬುದು ಪರ್ಯಾಲೋಚನೆಗೆ ಅರ್ಹವಾಗಿದೆ.

ಜೈನಸಂಪ್ರದಾಯದಲ್ಲಿ ದಾನವು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ಚತುರ್ವಿಧ. ಇವುಗಳಲ್ಲಿ ಶಾಸ್ತ್ರದಾನವೆಂದರೆ ಗ್ರಂಥವನ್ನು ಪ್ರತಿಮಾಡಿಸಿ ಮುನಿಗಳಿಗೋ ಬಸದಿಗೋ ಒಪ್ಪಿಸುವುದು. ಓಲೆಗರಿಯನ್ನು ಹದಮಾಡಿ, ಕಂಠದಿಂದ ಕೊರೆದು, ಮಸಿ ತುಂಬಿ ಸಿದ್ಧಪಡಿಸಿದ ಕಟ್ಟು ಹುಳುವಿಗೂ ತೇವಕ್ಕೂ ಈಡಾಗುವಂಥದು. ಕೆಲವು ತಲೆಮಾರುಗಳಿಗೊಮ್ಮೆ ಮತ್ತೆ ಬರೆಯಿಸದಿದ್ದರೆ ಗ್ರಂಥಕ್ಕೆ ಉಳಿವಿಲ್ಲ. ಈ ಭಾರವನ್ನು ಒಬ್ಬ ರಾಜನ ರಸಿಕತೆಗೆ ಬಿಡದೆ, ಗೃಹಸ್ಥರ ಪುಣ್ಯಕಾರ್ಯವನ್ನಾಗಿ ಮಾಡಿದುದೇ ಈ ವ್ಯವಸ್ಥೆಯ ಹಿರಿಮೆ. ಮೂಡಬಿದಿರೆಯಲ್ಲಿ ಉಳಿದುಬಂದ ಮಹಾಧವಲದ ಪ್ರತಿಯನ್ನು ಮಲ್ಲಿಕಬ್ಬೆಯು ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿಮುನಿಗೆ ಒಪ್ಪಿಸಿದಳೆಂದು ಅದರ ಪ್ರಶಸ್ತಿಯಿಂದ ತಿಳಿಯುತ್ತದೆ. ವ್ರತವು ಮುಗಿದಲ್ಲಿ ಗ್ರಂಥವು ಹುಟ್ಟಿತು.

ಪೊನ್ನನ ಕೃತಿಗಳ ಗತಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದವನು ಆತ. ಆತನ ‘ಶಾಂತಿಪುರಾಣ’ವನ್ನು ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪನೂ ಚಿಕ್ಕಪ್ಪ ಪುನ್ನಮಯ್ಯನೂ, ಅದು ಅವರ ಗುರು ಜಿನಚಂದ್ರರ ಸ್ಮರಣಾರ್ಥವಾಗಿ ಹುಟ್ಟಿದ ಕಾವ್ಯ. ಅದರ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆಯು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಸಾವಿರವೆಂಬುದನ್ನು ಎಣಿಕೆಯೆಂದೇ ಹಿಡಿಯಲಿ, ಬಹುತ್ವದ ಸೂಚನೆಯೆಂದೇ ಹಿಡಿಯಲಿ, ಒಂದು ಕಾವ್ಯದ ಪ್ರಸಾರವನ್ನೇ ವ್ರತವನ್ನಾಗಿ ಕೈಕೊಂಡುದು ಅಸಾಮಾನ್ಯವಾದ ಕಾರ್ಯ. ಆದರೆ ಅದೇ ಕವಿಯ ‘ಭುವನೈಕರಾಮಾಭ್ಯುದಯ’ವು ಇಂದು ಹೆಸರಿನಿಂದ ಮಾತ್ರ ಪರಿಚಿತ. ಕವಿ ಒಬ್ಬನೇ, ಪ್ರತಿಭೆ ಒಂದೇ. ಒಂದು ಕೃತಿ ಉಳಿಯಿತು, ಇನ್ನೊಂದು ಅಳಿಯಿತು.

ಇಲ್ಲಿ ಆಕ್ಷೇಪವೊಂದು ಏಳುತ್ತದೆ. ಶಾಸ್ತ್ರದಾನವೇ ಉಳಿವಿಗೆ ಕಾರಣವಾದರೆ, ಮೊದಲನೆಯ ಗುಣವರ್ಮನ ‘ಹರಿವಂಶ’ವೇಕೆ ಲುಪ್ತವಾಯಿತು? ಲೌಕಿಕಕಾವ್ಯಗಳಾದ ಪಂಪನ ‘ವಿಕ್ರಮಾರ್ಜುನವಿಜಯ’ವೂ ರನ್ನನದೇ ‘ಗದಾಯುದ್ಧ’ವೂ ಹೇಗೆ ಉಳಿದುವು? ಅನ್ವಯದಲ್ಲಿಯೂ ವ್ಯತಿರೇಕದಲ್ಲಿಯೂ ವ್ಯಭಿಚಾರವು ಕಾಣುವುದರಿಂದ ಶಾಸ್ತ್ರದಾನವನ್ನು ಏಕೈಕ ಕಾರಣವೆನ್ನಲಾಗದು. ಅದು ಸಹಕಾರಿ, ಕಾವ್ಯಗುಣವೂ ಪಾಠಪರಂಪರೆಯೂ ಅದರೊಡನೆ ಸೇರಬೇಕು. ಆದರೂ ಸಹಕಾರಿಯಿಲ್ಲದೆ ಬೀಜವು ಮೊಳೆಯದು. ಕಾವ್ಯಾಭ್ಯಾಸದಿಂದ ಮನಸ್ಸು ತಿಳಿಯಾದವನನ್ನು ಆಲಂಕಾರಿಕರು ಸಹೃದಯನೆಂದರು. ಅಭ್ಯಾಸಕ್ಕೆ ಓಲೆಯ ಕಟ್ಟು ಕೈಗೆ ಬರಬೇಕಲ್ಲವೆ?

ಸಂಸ್ಥೆಯ ಗುಣವನ್ನು ಹೇಳುವಾಗ ಅದರ ದೋಷವನ್ನು ಮರೆಯುವುದು ನ್ಯಾಯವಲ್ಲ. ಪೂಜ್ಯವಾದ ಗ್ರಂಥವು ಕಾಲಕ್ರಮದಲ್ಲಿ ಓದುವ ವಸ್ತುವಾಗಿರದೆ ದರ್ಶನದ ವಸ್ತುವಾಗಬಹುದು. ಮೂಡಬಿದಿರೆಯ ಸಿದ್ಧಾಂತಗ್ರಂಥಗಳಿಗೆ ಒದಗಿದುದು ಇದೇ ಗತಿ: ಯಾತ್ರಿಕರು ಕೈಮುಗಿದರು, ವಿದ್ವಾಂಸರಿಗೆ ಬಹುಕಾಲ ಅವು ದುರ್ಲಭವಾಗಿದ್ದುವು. ಧವಲೆಯ ಪ್ರಥಮ ಸಂಪುಟವು ಅಚ್ಚಾದುದು 1939ರಲ್ಲಿ. ಕಾಪಾಡಿದ ಶ್ರದ್ಧೆಯೇ ಬಾಗಿಲನ್ನೂ ಮುಚ್ಚಿತ್ತು.

ಈ ದ್ವಂದ್ವವು ಅತ್ತಿಮಬ್ಬೆಯ ಮನೆಯಲ್ಲಿ ಇನ್ನೂ ತೀಕ್ಷ್ಣವಾಗಿ ತೋರುತ್ತದೆ. ಪತಿಯಾದ ನಾಗದೇವನು ಮಡಿದಾಗ, ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು; ಅಕ್ಕ ಅತ್ತಿಮಬ್ಬೆಯು ಮಗ ಅಣ್ಣಿಗದೇವನೊಡನೆ ಉಳಿದು, ವ್ರತದಲ್ಲಿಯೂ ದಾನದಲ್ಲಿಯೂ ಜೀವಿತವನ್ನು ಸವೆಸಿದಳು. ಒಂದು ಆಚಾರವು ಹೆಣ್ಣಿನ ಪ್ರಾಣವನ್ನು ಕೊಂಡಿತು. ಇನ್ನೊಂದು ಆಚಾರವು ವಿಧವೆಯೊಬ್ಬಳಿಗೆ ನಾಡಿನ ವಿದ್ಯೆಯನ್ನು ಪೊರೆವ ಅಧಿಕಾರವನ್ನಿತ್ತಿತು. ಲಕ್ಕುಂಡಿಯ ಬ್ರಹ್ಮಜಿನಾಲಯವೂ ಅಲ್ಲಿಯ 1007ರ ಶಾಸನವೂ ಆ ಅಧಿಕಾರಕ್ಕೆ ಸಾಕ್ಷಿ. ಸಂಸ್ಕೃತಿಯೆಂಬುದು ಅಖಂಡವಾಗಿ ಸ್ತುತ್ಯವೂ ಅಲ್ಲ, ಅಖಂಡವಾಗಿ ನಿಂದ್ಯವೂ ಅಲ್ಲ. ಅದರ ಒಂದೊಂದು ವ್ಯವಸ್ಥೆಯನ್ನೂ ಅದು ಮನುಷ್ಯರಿಗೆ ಏನನ್ನು ಕೊಟ್ಟಿತು, ಏನನ್ನು ಕಸಿದುಕೊಂಡಿತು ಎಂಬುದರಿಂದ ಅಳೆಯಬೇಕು.

ಇಷ್ಟನ್ನು ಗ್ರಹಿಸಿದರೆ ಅಜಿತಪುರಾಣದ ಅತ್ತಿಮಬ್ಬೆಯ ವರ್ಣನೆ ಬರಿಯ ಸ್ತುತಿಯಾಗಿ ತೋರದು. ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನು ಸಿರಿವಂತೆಯ ಸಂಪತ್ತನ್ನು ಮಾತ್ರ ಹೊಗಳಲಿಲ್ಲ. ತನ್ನ ಮಗಳಿಗೂ ಆಕೆಯ ಹೆಸರನ್ನೇ ಇಟ್ಟನು. ತೀರ್ಥಂಕರನು ತ್ಯಾಗದ ಪರಾಕಾಷ್ಠೆ. ಅತ್ತಿಮಬ್ಬೆಯು ಗೃಹಸ್ಥಧರ್ಮದೊಳಗಿನ ತ್ಯಾಗ. ಒಂದು ಇನ್ನೊಂದಕ್ಕೆ ಕನ್ನಡಿ. ಆದುದರಿಂದ ಆ ಪದ್ಯಗಳನ್ನು ತೆಗೆದು ಪಾಠ ಹೇಳುವ ಅಧ್ಯಾಪಕನು ಕಾವ್ಯದ ಒಂದು ಅಂಗವನ್ನೇ ಕೈಬಿಟ್ಟಂತೆ. ಕವಿಯ ಹೆಸರಿನೊಡನೆ, ಬರೆಯಿಸಿದವರ ನೆನಪೂ, ಹೆಸರುಳಿಯದ ಲಿಪಿಕಾರರ ನೆನಪೂ ಸಾಹಿತ್ಯಚರಿತ್ರೆಯಲ್ಲಿ ನಿಲ್ಲತಕ್ಕುವು.