ಕಂಪನಿಯ ಕಂದಾಯ, ಸ್ಕೂಲಿನ ಮಕ್ಕಳು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹಾಫ್‌ಮನ್ ಎಸ್ಟೇಟ್ಸ್ ಅಂತ ಒಂದು ಊರಿದೆ. ಸರ್ಕಾರಿ ಕಾಗದದಲ್ಲಿ ಅದು ಹಳ್ಳಿ. 1959ರಲ್ಲಿ ಹುಟ್ಟಿದ, ಇವತ್ತು ಐವತ್ತು ಸಾವಿರ ಜನರಿರುವ ಹಳ್ಳಿ! ನಮ್ಮಲ್ಲಿ ಊರು ಇಲ್ಲಿದ್ದರೆ ಹಟ್ಟಿ ಅಲ್ಲೇ ಕೂಗಳತೆಯಲ್ಲಿರುತ್ತದೆ. 1980ರ ದಶಕದಲ್ಲಿ ಬಹುಪಾಲು ಬಿಳಿಯರೇ ಇದ್ದ ಈ ಹಳ್ಳಿಗೂ ಷಿಕಾಗೋ ನಗರದ ಕರಿಯರ ಕೇರಿಗೂ ಸುಮಾರು ಐವತ್ತು ಕಿಲೋಮೀಟರ್ ದೂರ. ಈ ಹಳ್ಳಿ ಒಂದು ದೊಡ್ಡ ಕಂಪನಿಯ ಹೆಡ್ ಆಫೀಸನ್ನು ತನ್ನಲ್ಲಿಗೆ ಕರೆತರಲು ತೆರಿಗೆ ಬಿಟ್ಟುಕೊಟ್ಟ ಪ್ರಸಂಗವನ್ನು ನಾವು ಇಲ್ಲಿ ಪರಿಶೀಲಿಸುತ್ತಿದ್ದೇವೆ. ಅಷ್ಟು ದೂರದ ಉಸಾಬರಿ ನಮಗೆ ಯಾಕೆ ಅನ್ನುವ ಗೆಳೆಯರು ಸ್ವಲ್ಪ ತಾಳಬೇಕು.

ಆ ಕಂಪನಿಯ ಹೆಸರು ಸಿಯರ್ಸ್. ಅಂಗಡಿ ವ್ಯಾಪಾರದ ದೈತ್ಯ. ಅದರ ಹಳೆಯ ಚರಿತ್ರೆಯಲ್ಲಿ ನಾವು ಮರೆಯಬಾರದ ಒಂದೆರಡು ಸಂಗತಿಗಳಿವೆ. ದಕ್ಷಿಣ ರಾಜ್ಯಗಳ ಕರಿಯ ರೈತ ಅಂಗಡಿಗೆ ಹೋದರೆ ಬಿಳಿಯರೆಲ್ಲ ಕೊಂಡು ಮುಗಿಸುವ ತನಕ ಪಕ್ಕಕ್ಕೆ ನಿಲ್ಲಬೇಕಿತ್ತು. ಕೊಟ್ಟ ಮಾಲು, ಹೇಳಿದ ರೇಟು. ಹೋಟೆಲಿನ ಹಿಂದೆ ಬೇರೆ ಲೋಟದಲ್ಲಿ ಚಾ ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಯರ್ಸ್‌ನ ಕ್ಯಾಟಲಾಗ್ ಮನೆಗೆ ಬಂದಾಗ ಅವನು ಅಂಗಡಿಯವನ ಮುಖ ನೋಡದೆ ಟಪಾಲಿನಲ್ಲಿ ಸಾಮಾನು ತರಿಸಿಕೊಂಡ. ಮುಂದೆ ಕಂಪನಿಯ ಅಧ್ಯಕ್ಷನಾಗಿದ್ದ ಜೂಲಿಯಸ್ ರೋಸೆನ್ವಾಲ್ಡ್ ಕೊಟ್ಟ ಹಣ, ಅದರ ಜೊತೆ ಕರಿಯ ಜನ ತಾವೇ ಕೂಡಿಸಿದ ಕಾಸು ಮತ್ತು ಬಿಟ್ಟಿ ದುಡಿಮೆ ಸೇರಿ, 1912ರಿಂದ 1932ರ ನಡುವೆ ಸುಮಾರು ಐದು ಸಾವಿರ ಶಾಲೆಗಳು ಎದ್ದವು. ದಾನಿಯ ಹೆಸರು ಉಳಿಯಿತು, ಮಣ್ಣು ಹೊತ್ತವರ ಹೆಸರು ಉಳಿಯಲಿಲ್ಲ. ಇರಲಿ, ಶಾಲೆಗಳಂತೂ ಎದ್ದವು.

ಷಿಕಾಗೋದ ನಾರ್ತ್ ಲಾನ್‌ಡೇಲ್ ಕೇರಿಯಲ್ಲಿ 1906ರಿಂದ ಸಿಯರ್ಸ್‌ನ ದೊಡ್ಡ ಕಾರ್ಖಾನೆಯಂಥ ಗೋದಾಮು, ಕಚೇರಿ ಎಲ್ಲ ಇದ್ದವು. 1950ರಲ್ಲಿ ಆ ಕೇರಿಯಲ್ಲಿ ಬಿಳಿಯರೇ ಹೆಚ್ಚು. ಹತ್ತೇ ವರ್ಷದಲ್ಲಿ ನೂರಕ್ಕೆ ತೊಂಬತ್ತು ಜನ ಕರಿಯರು. ಬಿಳಿಯರು ಮನೆ ಮಾರಿ ಓಡಿದರು. ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಷಿಕಾಗೋದ ವಸತಿ ಹೋರಾಟಕ್ಕೆ ಬಂದಾಗ ಬಾಡಿಗೆ ಮನೆ ಹಿಡಿದದ್ದು ಇದೇ ಕೇರಿಯಲ್ಲಿ. 1973ರ ಹೊತ್ತಿಗೆ ಕಂಪನಿಯ ಸಾಹೇಬರು ನಗರದ ನಡುವೆ 110 ಅಂತಸ್ತಿನ ಗೋಪುರ ಕಟ್ಟಿಕೊಂಡು ಹತ್ತಿದರು. ಆಗ ಅದು ಜಗತ್ತಿಗೇ ಎತ್ತರದ ಕಟ್ಟಡ. 1987ರಲ್ಲಿ ಕೇರಿಯ ಗೋದಾಮಿಗೂ ಬೀಗ ಬಿತ್ತು.

ಗೋಪುರವೂ ಹಿಡಿಸಲಿಲ್ಲ. 1988ರಲ್ಲಿ ಕಂಪನಿ ಅದನ್ನು ಮಾರುತ್ತೇನೆ, ಬೇರೆ ಕಡೆ ಹೋಗುತ್ತೇನೆ ಅಂದಿತು. ಬೇರೆ ರಾಜ್ಯಗಳವರು ಹೂವಿನ ಹಾರ ಹಿಡಿದು ನಿಂತರು. ಇಲಿನಾಯ್ ಸರ್ಕಾರ ಬೆದರಿತು, 1989ರಲ್ಲಿ ಈ ಒಂದು ಕಂಪನಿಗಾಗಿಯೇ ಅನ್ನುವಂಥ ಕಾಯಿದೆ ಮಾಡಿತು. ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಸುಮಾರು 780 ಎಕರೆ ಹೊಲ ಸಿಕ್ಕಿತು. 1992ರಲ್ಲಿ ಕಂಪನಿ ಅಲ್ಲಿಗೆ ಹೋಯಿತು.

ಆ ಕಾಯಿದೆಯ ಕರಾಮತ್ತು ಏನು? ಅಲ್ಲಿನ ಶಾಲೆಗಳು ನಡೆಯುವುದು ಬಹುಮಟ್ಟಿಗೆ ಊರಿನ ಮನೆ-ಜಮೀನಿನ ತೆರಿಗೆಯಿಂದ. ಆ ತೆರಿಗೆಯಲ್ಲಿ ಶಾಲೆಯದೇ ದೊಡ್ಡ ಪಾಲು, ಪಂಚಾಯ್ತಿಯದು ಸಣ್ಣದು. ಈ 780 ಎಕರೆಗೆ ಹೊಲವಾಗಿದ್ದಾಗಿನ ಬೆಲೆಯನ್ನೇ ಬುಡದ ಬೆಲೆ ಅಂತ ಗೊತ್ತುಮಾಡಿದರು. ಕಟ್ಟಡ ಎದ್ದು ಬೆಲೆ ಎಷ್ಟೇ ಏರಲಿ, ಏರಿದ ಬೆಲೆಯ ತೆರಿಗೆಯ ಬಹುಪಾಲು ಶಾಲೆಗೆ ಹೋಗದೆ ಬೇರೊಂದು ನಿಧಿಗೆ ಬೀಳಬೇಕು. ಆ ನಿಧಿಯಿಂದ ಕಂಪನಿಯ ನೆಲ ಸಮ ಮಾಡಿದ ಖರ್ಚು, ರಸ್ತೆ, ಚರಂಡಿ ಎಲ್ಲ ತೀರಬೇಕು. ಹಾಗಾದರೆ ಹಳ್ಳಿಯವರು ಬಿಟ್ಟುಕೊಟ್ಟದ್ದು ಯಾರ ಗಂಟು? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಕಂಪನಿ ಬರದಿದ್ದರೆ ಹೊಲದಿಂದ ಎಷ್ಟು ತೆರಿಗೆ ಬರ್ತಿತ್ತು, ಬರದೇ ಇದ್ದದ್ದನ್ನು ಕಳಕೊಂಡದ್ದು ಹೇಗೆ ಅಂತ ವಾದಿಸುವ ಬುದ್ಧಿವಂತರಿದ್ದಾರೆ. ವಾದ ಪೂರಾ ಪೊಳ್ಳಲ್ಲ. ಕೆಲಸ ಬಂತು, ರಸ್ತೆ ಬಂತು. ಆದರೆ ಕೆಲಸದ ಹಿಂದೆ ಸಂಸಾರ ಬರುತ್ತದೆ, ಸಂಸಾರದ ಹಿಂದೆ ಮಕ್ಕಳು. ಆ ಮಕ್ಕಳಿಗೆ ಮೇಷ್ಟ್ರು ಬೇಕು, ಕೊಠಡಿ ಬೇಕು. ಅದರ ಖರ್ಚಿಗೆ ಉಳಿದ ಮನೆಯವರು ಹೆಚ್ಚು ತೆರಬೇಕು, ಇಲ್ಲವೇ ಮಕ್ಕಳು ಇಕ್ಕಟ್ಟಿನಲ್ಲಿ ಕೂರಬೇಕು.

ಇನ್ನು ಷಿಕಾಗೋದ ಕೇರಿಗಳಿಂದ ಬಸ್ಸು ರೈಲು ಹಿಡಿದು ಗೋಪುರಕ್ಕೆ ಹೋಗುತ್ತಿದ್ದ ಗುಮಾಸ್ತರು? ಕಂಪನಿ ಬಿಡದೆ ವ್ಯಾನು ಏರ್ಪಾಡು ಮಾಡಿತು. ಕೆಲಸ ತಪ್ಪಿಸಲಿಲ್ಲ ನೋಡಿ, ದಾರಿ ಮಾತ್ರ ಐವತ್ತು ಕಿಲೋಮೀಟರ್ ಉದ್ದ ಮಾಡಿದರು! ಮಗುವಿಗೆ ಜ್ವರ ಅಂತ ಮಧ್ಯಾಹ್ನ ಸುದ್ದಿ ಬಂದರೆ ಆ ತಾಯಿ ಮನೆಗೆ ಹೋಗುವುದು ಯಾವ ವ್ಯಾನಿನಲ್ಲಿ?

2011ರಲ್ಲಿ ಮತ್ತೆ ಅದೇ ನಾಟಕ. ಹೋಗ್ತೀವಿ ಅಂತ ಕಂಪನಿ ಎದ್ದು ನಿಂತಿತು. ಒಹಾಯೋ ರಾಜ್ಯ 40 ಕೋಟಿ ಡಾಲರ್ ತನಕ ಕೊಡುತ್ತೇನೆ ಅಂದಿತು. ಇಲಿನಾಯ್ ವರ್ಷಕ್ಕೆ ಒಂದೂವರೆ ಕೋಟಿ ಡಾಲರ್‌ನಂತೆ ಹತ್ತು ವರ್ಷ ತೆರಿಗೆ ರಿಯಾಯ್ತಿ ಕೊಟ್ಟಿತು. ಹಳೆಯ ನಿಧಿಯ ವ್ಯವಸ್ಥೆಯನ್ನು ಇನ್ನೂ ಹದಿನೈದು ವರ್ಷ ಬೆಳೆಸಿತು. ಷರತ್ತು, 4,250 ಕೆಲಸ ಉಳಿಸಬೇಕು. ಈ ಸಲ ಶಾಲೆಯವರು ಸುಮ್ಮನಿರಲಿಲ್ಲ. ಸುಮಾರು 20,000 ಮಕ್ಕಳ 300ನೇ ನಂಬರಿನ ಶಾಲಾ ಜಿಲ್ಲೆ ಬೀದಿಗೂ ಬಂತು, ಕೋರ್ಟಿಗೂ ಹೋಯಿತು. ಗದ್ದಲದ ಫಲವಾಗಿ ಶಾಲೆಗೆ ಸ್ವಲ್ಪ ಹೆಚ್ಚು ಪಾಲು ಸಿಕ್ಕಿತು. ನಮ್ಮ ಮೇಷ್ಟ್ರುಗಳು ಇದನ್ನು ಗಮನಿಸಬೇಕು. ಕೇಳಿದ್ದರಿಂದ ಸಿಕ್ಕಿತು, ಕೇಳದಿದ್ದಾಗ ಇಪ್ಪತ್ತು ವರ್ಷ ಸಿಕ್ಕಿರಲಿಲ್ಲ.

ಅಂಬೇಡ್ಕರ್ ಅವರನ್ನು ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆಯಾಗಿ ಮಾತ್ರ ನೋಡುವವರು ಅವರು ತೆರಿಗೆಯ ಲೆಕ್ಕ ಓದಿದ ವಿದ್ವಾಂಸರೆಂಬುದನ್ನು ಮರೆತಿದ್ದಾರೆ. ಬ್ರಿಟಿಷ್ ಇಂಡಿಯಾದ ಪ್ರಾಂತಗಳ ಹಣಕಾಸಿನ ಬಗ್ಗೆ ಅವರು ಬರೆದ ಗ್ರಂಥ 1925ರಲ್ಲಿ ಹೊರಬಂತು. ತೆರಿಗೆ ಎತ್ತುವವರು ಒಬ್ಬರು, ಖರ್ಚು ಮಾಡುವವರು ಇನ್ನೊಬ್ಬರು ಆದಾಗ ಖರ್ಚಿಗೆ ಲಗಾಮು ಇರದು ಎಂಬುದನ್ನು ಅಲ್ಲಿ ಬಿಡಿಸಿಟ್ಟಿದ್ದಾರೆ. ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಅದರ ಇನ್ನೊಂದು ಮುಖ ಕಾಣುತ್ತದೆ. ಬಿಟ್ಟುಕೊಡುವವರು ಒಬ್ಬರು, ಕಳಕೊಳ್ಳುವವರು ಇನ್ನೊಬ್ಬರು.

ಪದಗಳ ಮೋಸವನ್ನೂ ನೋಡಿ. ಕಂಪನಿಗೆ ಕೊಟ್ಟರೆ ಅದಕ್ಕೆ ‘ಉತ್ತೇಜನ’ ಅಂತಾರೆ. 2023ರಲ್ಲಿ ಕರ್ನಾಟಕದ ಹೆಂಗಸರಿಗೆ ಬಸ್ಸಿನ ಟಿಕೆಟ್ ಮಾಫಿಯಾದಾಗ ‘ಬಿಟ್ಟಿ ಭಾಗ್ಯ’ ಅಂದರು. ಒಂದೇ ಖಜಾನೆ, ಒಂದೇ ಕನ್ನಡ. ಕೂಲಿಯ ಹೆಂಗಸು ಪುಕ್ಕಟೆ ಬಸ್ಸು ಹತ್ತಿದರೆ ಸೋಮಾರಿಯಾಗುತ್ತಾಳೆ, ಕೋಟ್ಯಧಿಪತಿ ಪುಕ್ಕಟೆ ರಸ್ತೆ ಪಡೆದರೆ ಚುರುಕಾಗುತ್ತಾನೆ. ಇದ್ಯಾವ ವ್ಯಾಕರಣ? ಇದನ್ನು ಬರೆಯುವ ಸಂಪಾದಕೀಯಗಳನ್ನು ಕವಿತೆಗಳನ್ನು ಓದುವಷ್ಟೇ ಎಚ್ಚರದಿಂದ ನಮ್ಮ ವಿದ್ಯಾರ್ಥಿಗಳು ಓದಬೇಕಾಗಿದೆ.

ಸಿಯರ್ಸ್ 2018ರ ಅಕ್ಟೋಬರಿನಲ್ಲಿ ದಿವಾಳಿಯಾಯಿತು. ಅಷ್ಟರಲ್ಲಿ 4,250ರ ಷರತ್ತು ಮುರಿದಿದೆ ಅಂತ ಶಾಲೆಯವರು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದರು. ಖಾಲಿಯಾದ ಹೆಡ್ ಆಫೀಸನ್ನು 2023ರಲ್ಲಿ ಡೇಟಾ ಸೆಂಟರ್ ಕಟ್ಟುವ ಕಂಪನಿಯೊಂದು ಕೊಂಡು, ಮರುವರ್ಷ ಕೆಡವತೊಡಗಿತು. ಡೇಟಾ ಸೆಂಟರ್ ಅಂದರೆ ಯಂತ್ರಗಳ ಗೋದಾಮು, ಅಲ್ಲಿಗೆ ಸಾವಿರಾರು ಗುಮಾಸ್ತರು ಬೇಕಿಲ್ಲ. ಅಂಥ ಕಂಪನಿಗಳಿಗೂ ತೆರಿಗೆ ವಿನಾಯಿತಿ ಕೊಡುವ ಕಾಯಿದೆಯನ್ನು ಇಲಿನಾಯ್ 2019ರಲ್ಲೇ ಮಾಡಿತ್ತು.