ಧರ್ಮತ್ಯಾಗವೋ, ರಾಜದ್ರೋಹವೋ?

ಇಸ್ಲಾಮನ್ನು ತೊರೆದವನಿಗೆ ಇಹದಲ್ಲಿ ದಂಡನೆಯುಂಟೇ ಎಂಬ ಪ್ರಶ್ನೆಗೆ ಆ ಧರ್ಮದ ಪಂಡಿತರೇ ಒಂದು ಉತ್ತರವನ್ನು ಕೊಟ್ಟಿಲ್ಲ. ಕುರಾನು ಧರ್ಮತ್ಯಾಗವನ್ನು ಘೋರಪಾಪವೆಂದೆಣಿಸಿ ಪರಲೋಕದ ಶಿಕ್ಷೆಯನ್ನು ಹೇಳುತ್ತದೆ. ಮರಣದಂಡನೆಯನ್ನು ಸ್ಪಷ್ಟವಾಗಿ ವಿಧಿಸುವುದಿಲ್ಲ. ದಂಡನೆಗೆ ಮುಖ್ಯ ಆಧಾರಗಳು ಎರಡು: ಪ್ರವಾದಿಗಳ ನಡೆನುಡಿಗಳನ್ನು ನಿರೂಪಿಸುವ ಹದೀಸ್, ಮತ್ತು 632ರಲ್ಲಿ ಅವರು ಕಾಲವಾದ ಬಳಿಕ ಖಲೀಫ ಅಬೂಬಕರರು ತಿರುಗಿಬಿದ್ದ ಅರಬ್ ಬುಡಕಟ್ಟುಗಳ ಮೇಲೆ ನಡೆಸಿದ ಯುದ್ಧ. ಆ ಬುಡಕಟ್ಟುಗಳಲ್ಲಿ ಕೆಲವು ನಂಬಿಕೆಯನ್ನೇ ಬಿಟ್ಟಿದ್ದವು. ಕೆಲವು ಜಕಾತ್ ಸಲ್ಲಿಸುವುದನ್ನು ಮಾತ್ರ ನಿಲ್ಲಿಸಿದ್ದವು. ಪಾಪವೂ ಬಂಡಾಯವೂ ಅಲ್ಲಿ ಬೆರೆತುಹೋದುವು.

ಆಧುನಿಕ ಕಾಲದ ಎರಡು ಗ್ರಂಥಗಳು ಈ ಬೆರಕೆಯನ್ನು ಎರಡು ಬಗೆಯಾಗಿ ಬಿಡಿಸಲೆತ್ನಿಸುತ್ತವೆ. ಮೌಲಾನಾ ಮೌದೂದಿಯವರು ಉರ್ದುವಿನಲ್ಲಿ ಬರೆದ 'ಮುರ್ತದ್ ಕೀ ಸಜಾ'ದ ವಾದವಿದು: ಇಸ್ಲಾಂ ಬರಿಯ ಆರಾಧನಾಕ್ರಮವಲ್ಲ, ಸಮಾಜದ ಮತ್ತು ರಾಜ್ಯದ ಸಮಗ್ರ ವ್ಯವಸ್ಥೆ, ಆದುದರಿಂದ ಅದನ್ನು ಬಿಡುವುದು ರಾಜದ್ರೋಹಕ್ಕೆ ಸಮಾನ. ಪಾಕಿಸ್ತಾನದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಎಸ್. ಎ. ರಹಮಾನರು 1972ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಇದಕ್ಕೆ ಪ್ರತಿಯಾಗಿ, ಕೇವಲ ನಂಬಿಕೆಯನ್ನು ಬದಲಿಸಿದವನಿಗೆ ಐಹಿಕ ದಂಡನೆಯಿಲ್ಲ, ಶಸ್ತ್ರವೆತ್ತಿದ ದ್ರೋಹಿಗೆ ಮಾತ್ರ ಉಂಟೆಂದು ಸಾಧಿಸುತ್ತಾರೆ.

ಮೌದೂದಿಯವರ ತರ್ಕಕ್ಕೆ ಒಂದು ಅಂಗಸೌಷ್ಠವವಿದೆ. ಆದರೆ ಹುಟ್ಟಿನಿಂದ ಮುಸಲ್ಮಾನನಾದವನನ್ನೂ ಅವರು ಅದೇ ನಿಯಮಕ್ಕೆ ಒಳಪಡಿಸುವಲ್ಲಿ ಅದು ಕುಸಿಯುತ್ತದೆ. ಸಹಿ ಹಾಕದವನನ್ನು ಕರಾರಿಗೆ ಬದ್ಧನೆಂದು ನಮ್ಮ ಬ್ಯಾಂಕಿನ ವೃತ್ತಿಯಲ್ಲಿ ಯಾರೂ ಹೇಳಲಾರರು. ರಹಮಾನರ ನಿಲುವೇ ನನಗೆ ಒಪ್ಪಿಗೆಯಾದುದು. ಆದರೂ ಅವರ ಕವಚದಲ್ಲಿ ಒಂದು ಬಿರುಕಿದೆ. ದ್ರೋಹ ಯಾವುದೆಂದು ನಿರ್ಣಯಿಸುವವರು ಯಾರು? ಸೂಡಾನಿನ ಮಹಮೂದ್ ಮುಹಮ್ಮದ್ ತಾಹಾ ಅವರು ಸರ್ಕಾರದ ಷರೀಅತ್ ಶಾಸನಗಳನ್ನು ಖಂಡಿಸಿ ಕರಪತ್ರ ಹಂಚಿದ್ದಕ್ಕಾಗಿ ವಿಚಾರಣೆಗೆ ಗುರಿಯಾದರು. ಮೇಲಿನ ನ್ಯಾಯಾಲಯವು ಅದಕ್ಕೆ ಧರ್ಮತ್ಯಾಗದ ದೋಷವನ್ನೂ ಸೇರಿಸಿತು. 1985ರ ಜನವರಿ 18ರಂದು ಆ ವೃದ್ಧರನ್ನು ಗಲ್ಲಿಗೇರಿಸಲಾಯಿತು. ಅವರು ತಾವು ಇಸ್ಲಾಮನ್ನು ಬಿಟ್ಟೆನೆಂದು ಹೇಳಿರಲೇ ಇಲ್ಲ. ಆ ದೇಶವು ಧರ್ಮತ್ಯಾಗಕ್ಕೆ ಮರಣದಂಡನೆಯೆಂಬ ವಿಧಿಯನ್ನು ರದ್ದುಗೊಳಿಸಿದ್ದು 2020ರಲ್ಲಿ.

ಪ್ರಶ್ನೆಯ ಮರ್ಮವು ಪ್ರಾಚೀನರಲ್ಲಿಯೇ ಹೆಚ್ಚು ಸ್ಫುಟವಾಗಿದೆಯೆಂದು ನನಗೆ ತೋರುತ್ತದೆ. ಮಾಲಿಕಿ, ಷಾಫಿ, ಹಂಬಲಿ ಪಂಥಗಳು ಈ ವಿಷಯದಲ್ಲಿ ಸ್ತ್ರೀಪುರುಷಭೇದವನ್ನು ಮಾಡವು. ಹನಫಿ ಪಂಥವಾದರೋ ಧರ್ಮ ಬಿಟ್ಟ ಸ್ತ್ರೀಯನ್ನು ಕೊಲ್ಲದೆ ಸೆರೆಯಲ್ಲಿಡಬೇಕೆನ್ನುತ್ತದೆ. ಏಕೆ? ಹನ್ನೊಂದನೆಯ ಶತಮಾನದ ಸರಖ್ಸಿಯು ತನ್ನ 'ಅಲ್-ಮಬ್ಸೂತ್'ನಲ್ಲಿ ಕಾರಣ ಹೇಳುತ್ತಾನೆ: ಅವಿಶ್ವಾಸವು ಮನುಷ್ಯನಿಗೂ ದೇವರಿಗೂ ಸಂಬಂಧಿಸಿದ್ದು, ಅದರ ಫಲ ಪರಲೋಕದಲ್ಲಿ, ಇಲ್ಲಿಯ ವಧೆ ಯುದ್ಧಭಯದ ನಿವಾರಣೆಗಾಗಿ, ಸ್ತ್ರೀ ಯುದ್ಧಮಾಡುವವಳಲ್ಲ. ಈ ಬೃಹದ್ಗ್ರಂಥದ ಬಹುಭಾಗವನ್ನು ಆತನು ತಾನೇ ಸೆರೆಯಲ್ಲಿದ್ದು ಶಿಷ್ಯರಿಗೆ ಹೇಳಿ ಬರೆಸಿದನೆಂದು ಪ್ರತೀತಿ. ಪುರುಷನ ವಿಷಯದಲ್ಲಿ ಅವನೂ ಕಠಿಣನೇ. ಆದರೆ ಆ ಕಾರಣವನ್ನು ಒಪ್ಪಿದರೆ, ಖಡ್ಗ ಹಿಡಿಯದ ಪುರುಷನ ಗತಿಯೇನೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಇದೇ ಹನಫಿ ನ್ಯಾಯಕ್ಕೆ ಭಾರತದಲ್ಲಿ ವಿಚಿತ್ರವಾದ ಉತ್ತರಕಥೆಯೊಂದುಂಟು. ಬ್ರಿಟಿಷರ ಆಳಿಕೆಯಲ್ಲಿ ದಂಡನೆಯು ಅಳಿದು, ಧರ್ಮತ್ಯಾಗದಿಂದ ವಿವಾಹ ರದ್ದಾಗುವ ನಿಯಮ ಮಾತ್ರ ಉಳಿದಿತ್ತು. ಗಂಡನು ಅನ್ನವಸ್ತ್ರ ಕೊಡದಿದ್ದರೂ ದೇಶಾಂತರ ಹೋಗಿ ಸುಳಿವಿಲ್ಲದಿದ್ದರೂ ಹೆಂಡತಿಗೆ ಬಿಡುಗಡೆ ದುರ್ಲಭ. ಹೀಗಾಗಿ ಕೆಲವು ಸ್ತ್ರೀಯರು ಇಸ್ಲಾಮನ್ನೇ ತೊರೆದೆವೆಂದು ಹೇಳಿ ಬಂಧನವನ್ನು ಹರಿದುಕೊಂಡರು. ಇವರಲ್ಲಿ ರಾಜದ್ರೋಹವನ್ನು ಯಾವ ಪಂಡಿತನೂ ಕಾಣಲಾರನು. ಮೌಲಾನಾ ಅಷ್ರಫ್ ಅಲಿ ಥಾನವಿಯವರು ಅವರನ್ನು ಗದರಿಸುತ್ತ ಕೂಡದೆ, ಮಾಲಿಕಿ ಪಂಥದ ಉದಾರತರ ನಿಯಮಗಳನ್ನು ಹನಫಿಗಳೂ ಆಶ್ರಯಿಸಬಹುದೆಂದು ಗ್ರಂಥ ಬರೆದರು. ಅದರ ಬೆನ್ನಿಗೆ 1939ರ ಮುಸ್ಲಿಂ ವಿವಾಹ ವಿಸರ್ಜನ ಶಾಸನ ಬಂದಿತು. ಗಂಡನ ಸುಳಿವು ನಾಲ್ಕು ವರ್ಷ ಇಲ್ಲದಿದ್ದರೆ, ಅವನು ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಅವಳು ನ್ಯಾಯಾಲಯದಲ್ಲಿ ಬಿಡುಗಡೆ ಬೇಡಬಹುದಾಯಿತು. ಅದರ 4ನೆಯ ಕಲಮಿನಂತೆ ಧರ್ಮತ್ಯಾಗದಿಂದಲೇ ಮದುವೆ ಮುರಿಯುವುದು ನಿಂತಿತು.