64 ಮನೆ, ಒಂದೇ ಕುದುರೆ

ಚದುರಂಗದ ಮಣೆಯಿಂದ ಕಾಯಿಗಳನ್ನೆಲ್ಲ ತೆಗೆದು ಒಂದು ಕುದುರೆಯನ್ನಷ್ಟೇ ಉಳಿಸಿಕೊಳ್ಳಿ. ಎದುರಾಳಿ ಇಲ್ಲ, ಸೋಲು ಗೆಲುವಿನ ಗೊಡವೆಯೂ ಇಲ್ಲ. ಕುದುರೆ 64 ಮನೆಗಳನ್ನೂ ಮುಟ್ಟಬೇಕು, ಮುಟ್ಟಿದ ಮನೆಗೆ ಮತ್ತೆ ಕಾಲಿಡಬಾರದು. ಬಿಡುವಿನ ಹೊತ್ತಿಗೆ ಇದಕ್ಕಿಂತ ಸೊಗಸಾದ ಆಟವನ್ನು ನಾನು ಕಂಡಿಲ್ಲ.

9ನೇ ಶತಮಾನದಲ್ಲೇ ಕಾಶ್ಮೀರದ ರುದ್ರಟ ‘ಕಾವ್ಯಾಲಂಕಾರ’ದಲ್ಲಿ ಈ ನಡೆಯನ್ನು ಶ್ಲೋಕಕ್ಕೆ ಕಟ್ಟಿದ. ಅರ್ಧ ಮಣೆಯ 32 ಮನೆಗಳಿಗೆ ಒಂದೊಂದು ಅಕ್ಷರ. ಸಾಲಾಗಿ ಓದಿದರೂ ಕುದುರೆ ನೆಗೆದಂತೆ ಓದಿದರೂ ಅದೇ ಶ್ಲೋಕ. ವೇದಾಂತ ದೇಶಿಕರು ‘ಪಾದುಕಾ ಸಹಸ್ರ’ದಲ್ಲಿ ಅದನ್ನೂ ಮೀರಿಸಿದರು: ಅಲ್ಲಿ ಒಂದು ಶ್ಲೋಕದ ಮೇಲೆ ಕುದುರೆ ಓಡಿಸಿದರೆ ಮುಂದಿನ ಶ್ಲೋಕವೇ ಕೈಗೆ ಬರುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಈ ಹುಚ್ಚಿತ್ತು. 1831ರಲ್ಲಿ ಬ್ರಿಟಿಷರು ಆಡಳಿತ ಕಸಿದುಕೊಂಡ ಮೇಲೂ ಅವರ ಅರಮನೆ ಗಂಜೀಫಾ ಮತ್ತು ಮಣೆಯಾಟಗಳ ತವರಾಗಿಯೇ ಉಳಿಯಿತು.

ಆಡಿ ನೋಡಿದರೆ ಒಳಗುಟ್ಟು ತಿಳಿಯುತ್ತದೆ. ಮಣೆಯ ನಡುವೆ ನಿಂತ ಕುದುರೆಗೆ 8 ದಾರಿ, ಮೂಲೆಯಲ್ಲಿ ನಿಂತದ್ದಕ್ಕೆ ಎರಡೇ. ಹೊಸಬರು ನಡುವೆಯೇ ಅಡ್ಡಾಡಿ ಕೊನೆಗೆ ಮೂಲೆ ತಲುಪಲಾಗದೆ ಸಿಕ್ಕಿಬೀಳುತ್ತಾರೆ. 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಸೂಚಿಸಿದ ಉಪಾಯ ಸರಳ: ಯಾವ ಮನೆಯಿಂದ ಮುಂದಕ್ಕೆ ದಾರಿ ಕಡಿಮೆಯೋ ಅಲ್ಲಿಗೇ ಮೊದಲು ಹೋಗಿ. ಇನ್ನು 5 ಸಾಲು, 5 ಕಂಬದ ಮಣೆಯಲ್ಲಿ ಎಲ್ಲ ಮನೆ ಸುತ್ತಿ ಹೊರಟಲ್ಲಿಗೇ ಮರಳಲು ಎಂದಿಗೂ ಆಗದು. ಪ್ರತಿ ನೆಗೆತಕ್ಕೂ ಮನೆಯ ಬಣ್ಣ ಬದಲಾಗುತ್ತದೆ. ಹಾಗೆ ಮರಳಬೇಕಾದರೆ ಕಪ್ಪು ಬಿಳುಪು ಮನೆಗಳು ಸಮವಿರಬೇಕು. 25 ಬೆಸಸಂಖ್ಯೆ. ಒಂದು ಲೆಕ್ಕವನ್ನೂ ಬರೆಯದೆ ಗಣಿತದ ಸಾಧನೆ ಮುಗಿಯಿತು!

ಗಣಿತಜ್ಞ ಆಯ್ಲರ್ 1759ರಲ್ಲಿ ಇದೇ ಕುದುರೆಯ ಬೆನ್ನು ಹತ್ತಿದ್ದ. ಐರ್ಲೆಂಡಿನ ಹ್ಯಾಮಿಲ್ಟನ್ 1857ರಲ್ಲಿ 20 ಬಿಂದುಗಳನ್ನು ಒಂದೊಂದೇ ಸಲ ಹಾದು ಮರಳುವ ಆಟವೊಂದನ್ನು ರಚಿಸಿದ. ಆಟಿಕೆಯಾಗಿ ಅದು ಬಿಕರಿಯಾಗಲಿಲ್ಲ, ಆದರೆ ಅಂಥ ದಾರಿಗಳಿಗೆ ಗಣಿತದಲ್ಲಿ ಇಂದಿಗೂ ಅವನದೇ ಹೆಸರು. ಪಾರ್ಸೆಲ್ ಗಾಡಿ ಯಾವ ಬೀದಿಯಿಂದ ಯಾವ ಬೀದಿಗೆ ಹೋದರೆ ದಾರಿ ಉಳಿದೀತು, ಸರ್ಕ್ಯೂಟ್ ಬೋರ್ಡಿಗೆ ತೂತು ಕೊರೆಯುವ ಯಂತ್ರ ಯಾವ ಕ್ರಮದಲ್ಲಿ ಸಾಗಬೇಕು ಎಂಬ ಪ್ರಶ್ನೆಗಳು ಇದೇ ವಂಶದವು. ಪ್ರೋಗ್ರಾಮಿಂಗ್ ಕಲಿಯುವವರಿಗೆ ಇಂದಿಗೂ ಕುದುರೆಯ ಈ ಸಮಸ್ಯೆಯನ್ನು ಕೊಡುತ್ತಾರೆ.

ರುದ್ರಟನಿಗಾಗಲಿ ಒಡೆಯರಿಗಾಗಲಿ ಇದರಿಂದ ಮೂರು ಕಾಸಿನ ಲಾಭ ಬೇಕಿರಲಿಲ್ಲ. ಆಟದ ಸುಖಕ್ಕಾಗಿಯೇ ಆಡಿದರು. ಇದರಿಂದೇನು ಉಪಯೋಗ ಎಂದು ಮೊದಲೇ ಕೇಳಿದ್ದರೆ ಆಟವೂ ಹುಟ್ಟುತ್ತಿರಲಿಲ್ಲ, ಅದರ ಬೆನ್ನಿಗೆ ಬಂದ ವಿದ್ಯೆಯೂ. ರಜೆ ಬಂತೆಂದರೆ ಮಕ್ಕಳನ್ನು ಒಂದು ತರಗತಿಯಿಂದ ಇನ್ನೊಂದಕ್ಕೆ ಅಟ್ಟುವ ತಂದೆತಾಯಂದಿರೇ, ವಾರದಲ್ಲಿ ಒಂದು ಮಧ್ಯಾಹ್ನವನ್ನಾದರೂ ಅವರಿಗೆ ಪೂರ್ತಿಯಾಗಿ ಬಿಟ್ಟುಕೊಡಿ, ಮಣೆಯನ್ನೂ ಒಂದು ಕುದುರೆಯನ್ನೂ ಮುಂದಿಡಿ. ವಾರ್ನ್ಸ್‌ಡಾರ್ಫ್ ಉಪಾಯವನ್ನು ಮಾತ್ರ ಹೇಳಿಕೊಡಬೇಡಿ. ಅದನ್ನು ತಾವೇ ಕಂಡುಕೊಳ್ಳುವ ಹಕ್ಕು ಅವರದು.